ದಬ್ಬಾಳಿಕೆಯ ಸುರಂಗ: ಎಲ್ಲಿಂದ ಬಂತು, ಯಾರಿಗಾಗಿ?

ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಕೆಲವು ಕೋಣೆಗಳಿಗೆ ಕಪ್ಪು ಪರದೆ ಕಟ್ಟಿ, ವಿದ್ಯಾರ್ಥಿಗಳನ್ನು ಚಿಕ್ಕ ಚಿಕ್ಕ ಗುಂಪಾಗಿ ಒಳಗೆ ಕಳಿಸುವ ರೂಢಿಯಿದೆ. ಒಂದು ಕೋಣೆಯಲ್ಲಿ ಗೋಡೆ ತುಂಬ ಜನಾಂಗದ ಹೆಸರು ಹಿಡಿದ ಬೈಗುಳ. ಪಕ್ಕದ್ದರಲ್ಲಿ ಮನೆಯೊಳಗಿನ ಹೊಡೆತ ಬಡಿತವನ್ನು ವಿದ್ಯಾರ್ಥಿಗಳೇ ಅಭಿನಯಿಸುತ್ತಾರೆ. ತುಳಿತ ಹೇಗಿರುತ್ತದೆ ಅಂತ ಅನುಭವಿಸಿಯೇ ತಿಳಿಯಲಿ ಅನ್ನುವುದು ಉದ್ದೇಶ. ಇದನ್ನು 'ಟನಲ್ ಆಫ್ ಅಪ್ರೆಷನ್', ಅಂದರೆ ದಬ್ಬಾಳಿಕೆಯ ಸುರಂಗ ಅಂತ ಕರೆಯುತ್ತಾರೆ.

ಇದರ ಬೇರು ಹಳೆಯದು. 1968ರ ಏಪ್ರಿಲ್ 4ರಂದು, ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಯಿತು. ಮಾರನೇ ದಿನ ಅಯೋವಾದ ರೈಸ್‌ವಿಲ್ ಎಂಬ ಪುಟ್ಟ ಊರಲ್ಲಿ ಜೇನ್ ಎಲಿಯಟ್ ಎಂಬ ಟೀಚರ್, ಭೇದಭಾವ ಹೇಗಿರುತ್ತದೆ ಅಂತ ತೋರಿಸಲು, ತಮ್ಮ ಮೂರನೇ ಕ್ಲಾಸಿನ ಮಕ್ಕಳನ್ನು ಕಣ್ಣಿನ ಬಣ್ಣ ನೋಡಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಟಕ್ಕೆ ಜಾಸ್ತಿ ಹೊತ್ತು, ಇನ್ನೊಂದಕ್ಕೆ ಬರೀ ಕೊಂಕು ಮಾತು. ಕೀಳು ಅನ್ನಿಸಿಕೊಂಡ ಮಕ್ಕಳು ಕೆಲವೇ ಗಂಟೆಗಳಲ್ಲಿ ಮಂಕಾಗಿ, ಓದಿನಲ್ಲೂ ತಡವರಿಸಿದರು. ಆಮೇಲೆ ಪಾತ್ರ ಅದಲು ಬದಲಾಯಿತು. ಅನುಭವವೇ ಪಾಠ ಅನ್ನುವ ನಂಬಿಕೆಗೆ ಇದು ದೊಡ್ಡ ಬಲ ಕೊಟ್ಟಿತು. ಆದರೆ ಅಷ್ಟು ಚಿಕ್ಕ ಮಕ್ಕಳಿಗೆ ತಾವು ಯಾವುದಕ್ಕೆ ಒಪ್ಪುತ್ತಿದ್ದೇವೆ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ?

1988ರಲ್ಲಿ ಪೆಗ್ಗಿ ಮ್ಯಾಕಿಂತೋಷ್ ಎಂಬ ಅಮೆರಿಕದ ಸ್ತ್ರೀವಾದಿ ವಿದ್ವಾಂಸೆ ಇನ್ನೊಂದು ಬಾಗಿಲು ತೆರೆದರು. ಬಿಳಿಯಳಾಗಿ ತನಗೆ ಸುಮ್ನೆ ಸಿಗುವ 46 ಅನುಕೂಲಗಳನ್ನು ಅವರು ಪಟ್ಟಿ ಮಾಡಿದರು. ಗಾಯಕ್ಕೆ ಅಂಟಿಸುವ 'ಚರ್ಮದ ಬಣ್ಣ'ದ ಪಟ್ಟಿ ತನ್ನ ಚರ್ಮಕ್ಕೆ ಹೊಂದುತ್ತದೆ ಅನ್ನುವುದೂ ಅದರಲ್ಲಿ ಒಂದು. ತುಳಿತವನ್ನು ಮಾತ್ರ ನೋಡುತ್ತಿದ್ದ ಕಣ್ಣು ಸವಲತ್ತಿನ ಕಡೆಗೂ ತಿರುಗಿತು. ಎಲ್ಲರೂ ಒಂದೇ ಸಾಲಲ್ಲಿ ನಿಂತು, ಪ್ರಶ್ನೆ ಕೇಳಿದಂತೆ ಆ ಅನುಕೂಲ ಇದ್ದವರು ಹೆಜ್ಜೆ ಮುಂದೆ, ಇಲ್ಲದವರು ಹಿಂದೆ ಇಡುವ 'ಪ್ರಿವಿಲೇಜ್ ವಾಕ್' ಇದೇ ಯೋಚನೆಯ ಕೂಸು.

1993ರಲ್ಲಿ ಲಾಸ್ ಏಂಜಲೀಸಿನಲ್ಲಿ, ದ್ವೇಷ ಮತ್ತು ಪೂರ್ವಗ್ರಹದ ಬಗ್ಗೆ ತಿಳಿಸುವ ಮ್ಯೂಸಿಯಂ ಆಫ್ ಟಾಲರೆನ್ಸ್ ಶುರುವಾಯಿತು. ಅಲ್ಲಿ ಎರಡು ಬಾಗಿಲು ಇಟ್ಟಿದ್ದರು: ಪೂರ್ವಗ್ರಹ ಇರುವವರಿಗೆ ಒಂದು, ಇಲ್ಲದವರಿಗೆ ಒಂದು. ಎರಡನೆಯದು ತೆರೆಯುತ್ತಲೇ ಇರಲಿಲ್ಲ. ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಆ ಮ್ಯೂಸಿಯಂನಿಂದ ಪ್ರೇರಣೆ ಪಡೆದು ವೆಸ್ಟರ್ನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಈ ಸುರಂಗ ಹುಟ್ಟಿತು. ಅಲ್ಲಿಂದ ಬೇರೆ ಬೇರೆ ಕ್ಯಾಂಪಸ್‌ಗಳಿಗೆ ಹಬ್ಬಿತು.

ನನ್ನನ್ನು ಕಾಡುವ ಪ್ರಶ್ನೆ ಒಂದೇ: ಇದು ಯಾರಿಗಾಗಿ? ಬೈಗುಳದ ಗೋಡೆ ನೋಡಿ ಬೆಚ್ಚುವವರು ಅದನ್ನು ಎಂದೂ ಕೇಳದವರು. ದಿನಾ ಕೇಳುವವರಿಗೆ ಅದು ಹಳೇ ಗಾಯವನ್ನು ಕೆದಕಿದ ಹಾಗೆ. ಪ್ರಿವಿಲೇಜ್ ವಾಕ್‌ನಲ್ಲಂತೂ ಕೊನೇ ಸಾಲಲ್ಲಿ ಉಳಿದ ಹುಡುಗಿಯ ಕಷ್ಟ ಉಳಿದವರ ಪಾಠವಾಗಿಬಿಡುತ್ತದೆ, ಅವಳಿಗೇನು ಸಿಕ್ಕಿತು? ಈ ಟೀಕೆ ಬಂದ ಮೇಲೆ ಹಲವು ಕಡೆ ಬಾಗಿಲಲ್ಲೇ ಎಚ್ಚರಿಕೆ ಹಾಕುತ್ತಾರೆ, ಯಾವಾಗ ಬೇಕಾದರೂ ಹೊರಬರಬಹುದು, ಆಪ್ತಸಮಾಲೋಚಕರೂ ಇರುತ್ತಾರೆ. ಕೊನೆಯಲ್ಲಿ ಗುಂಪಾಗಿ ಕೂತು ಮಾತಾಡುವುದಿದೆಯಲ್ಲ, ನನ್ನ ಪ್ರಕಾರ ಅದೇ ಮುಖ್ಯ. ಅದನ್ನು ನಡೆಸಲು ತರಬೇತಿ ಆದವರು ಬೇಕೇ ಬೇಕು, ಇಲ್ಲದಿದ್ದರೆ ಬರೀ ಅಳು, ತಪ್ಪಿತಸ್ಥ ಭಾವನೆ ಅಷ್ಟೇ ಉಳಿಯುತ್ತದೆ.

ಈಗ ಆ ತರಬೇತಿ ಆದವರಿಗೇ ಕುತ್ತು ಬಂದಿದೆ. ಟೆಕ್ಸಾಸ್‌ನಲ್ಲಿ 2024ರ ಜನವರಿ 1ರಿಂದ ಜಾರಿಯಾದ ಕಾನೂನು, ಸರ್ಕಾರಿ ವಿಶ್ವವಿದ್ಯಾಲಯಗಳು ಇಂಥ ಕೆಲಸ ನೋಡಿಕೊಳ್ಳುವ ವೈವಿಧ್ಯ ಕಚೇರಿಗಳನ್ನು ನಡೆಸುವಂತಿಲ್ಲ ಅನ್ನುತ್ತದೆ. ಕಚೇರಿ ಮುಚ್ಚಿದ ಕಡೆ ವಿದ್ಯಾರ್ಥಿಗಳು ತಾವೇ ಪರದೆ ಕಟ್ಟಬಹುದು. ಒಳಗೆ ಯಾರಾದರೂ ಕುಸಿದು ಕೂತರೆ ಎಬ್ಬಿಸಿ ಮಾತಾಡಿಸುವವರು ಯಾರು ಅನ್ನುವುದನ್ನು ಮಾತ್ರ ಆ ಕಾನೂನು ಮಾಡಿದವರು ಹೇಳಬೇಕು.