ಗೇಮ್‌ನೊಳಗಿನ ಲುವಾ: ಗಡಿ ದಾಟಿದಾಗಲೆಲ್ಲ ಸುಂಕ

ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಗೇಮ್‌ಗೆ ಲುವಾ ಎಂಬ ಪುಟ್ಟ ಸ್ಕ್ರಿಪ್ಟಿಂಗ್ ಭಾಷೆಯ ಸ್ಕ್ರಿಪ್ಟ್ ಜೋಡಿಸಿದ ಮೇಲೆ ಆಟ ತಡವರಿಸಿದರೆ ಮೊದಲು ಬೈಗುಳ ಬೀಳುವುದು ಸ್ಕ್ರಿಪ್ಟ್ ಓದಿ ಓಡಿಸುವ ಇಂಟರ್‌ಪ್ರಿಟರ್‌ಗೆ. ಲುವಾಜಿಟ್ (ಲುವಾ ಕೋಡನ್ನು ಓಡುವಾಗಲೇ ಯಂತ್ರಭಾಷೆಗೆ ಇಳಿಸುವ ಜಿಟ್ ಕಂಪೈಲರ್) ಹಾಕೋಣ ಎಂಬ ಮಾತೂ ಹಿಂದೆಯೇ ಬರುತ್ತದೆ. ಆತುರ ಬೇಡ. 2003ರ 5.0 ಆವೃತ್ತಿಯಿಂದಲೂ ಲುವಾ ಓಡುತ್ತಿರುವುದು ರಿಜಿಸ್ಟರ್ ಆಧಾರಿತ ವರ್ಚುವಲ್ ಮಷೀನ್ ಮೇಲೆ. ಇಂಟರ್‌ಪ್ರಿಟರ್‌ಗಳ ಪೈಕಿ ಅದು ಚುರುಕಿನದೇ. ಸಮಯ ಹೆಚ್ಚಾಗಿ ಸೋರುವುದು ಸಿ (ಗೇಮ್‌ನ ಕಡೆ) ಮತ್ತು ಲುವಾ ನಡುವಿನ ಗಡಿ ದಾಟುವ ಓಡಾಟದಲ್ಲಿ, ಆ ಓಡಾಟ ಬಿಟ್ಟುಹೋಗುವ ಕಸದಲ್ಲಿ, ಅಂದರೆ ಕೆಲಸ ಮುಗಿದ ವಸ್ತುಗಳ ಮೆಮೊರಿಯಲ್ಲಿ.

ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದಕ್ಕೆ ಸಿಗುವುದು 16.6 ಮಿಲಿಸೆಕೆಂಡ್. ಸ್ಕ್ರಿಪ್ಟ್ ಅದರಲ್ಲಿ ಎಷ್ಟು ನುಂಗುತ್ತದೆ ಎಂದು ಅಳೆಯುವಾಗ ಸರಾಸರಿ ನೋಡಿ ಸುಮ್ಮನಾಗಬೇಡಿ, ಅತಿ ಕೆಟ್ಟ ಫ್ರೇಮ್ ಹಿಡಿಯಿರಿ. ಎಲ್ಲ ಫ್ರೇಮ್‌ಗಳೂ ಒಂದೇ ಸಮ ಭಾರವಾಗಿದ್ದರೆ ಗಡಿಯ ಕಡೆ ನೋಡಿ. ಆಗೊಮ್ಮೆ ಈಗೊಮ್ಮೆ ಜರ್ಕ್ ಹೊಡೆದರೆ ಅನುಮಾನ ಆ ಕಸ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಮೇಲಿರಲಿ.

ಪರದೆಯ ಮೇಲೆ 500 ಪಾತ್ರಗಳಿವೆ ಎನ್ನೋಣ. ಪ್ರತಿ ಪಾತ್ರದ ಸ್ಥಾನ, ವೇಗ, ದಿಕ್ಕು ಮೂರನ್ನೂ ವೆಕ್ಟರ್ ಯೂಸರ್‌ಡೇಟಾ (ಸಿ ಕಡೆಯ ದತ್ತಾಂಶವನ್ನು ಹೊತ್ತ ಲುವಾ ವಸ್ತು) ಮಾಡಿ ಪ್ರತಿ ಫ್ರೇಮ್‌ನಲ್ಲೂ ಲುವಾಗೆ ಕೊಟ್ಟರೆ ಸೆಕೆಂಡಿಗೆ 90,000 ಹೊಸ ವಸ್ತು ಹುಟ್ಟಿ, ಕಣ್ಣು ಮಿಟುಕಿಸುವಷ್ಟರಲ್ಲಿ ಸಾಯುತ್ತವೆ. ಅದರ ಬದಲು ಎಕ್ಸ್, ವೈ, ಝಡ್ ಎಂದು ಮೂರು ಸಂಖ್ಯೆಗಳನ್ನೇ ಸ್ಟ್ಯಾಕ್ (ಸಿ, ಲುವಾ ಪರಸ್ಪರ ಮೌಲ್ಯ ದಾಟಿಸುವ ಜಾಗ) ಮೇಲಿಡಿ; ಸಂಖ್ಯೆಗೆ ಪ್ರತ್ಯೇಕವಾಗಿ ಕಾದಿರಿಸುವ ಹೀಪ್ ಮೆಮೊರಿ ಬೇಡ, ಕಸವೂ ಇಲ್ಲ. ಹಾಗೆಯೇ ಅಪ್‌ಡೇಟ್ ಫಂಕ್ಷನ್ ಅನ್ನು ಸಿ ಕಡೆಯಿಂದ 500 ಸಲ ಕರೆಯುವ ಬದಲು ಒಮ್ಮೆ ಕರೆದು, ಲೂಪ್ ಅನ್ನು ಲುವಾ ಒಳಗೇ ಓಡಿಸಿ. ಆ ಫಂಕ್ಷನ್ನನ್ನು ಪ್ರತಿ ಫ್ರೇಮ್ ಹೆಸರು ಹಿಡಿದು ಹುಡುಕುವುದೂ ದಂಡ. ಶುರುವಿನಲ್ಲೇ ರಿಜಿಸ್ಟ್ರಿಯಲ್ಲಿ (ಸಿ ಕೋಡ್ ಲುವಾ ಮೌಲ್ಯಗಳನ್ನು ಇಟ್ಟುಕೊಳ್ಳುವ ಪಟ್ಟಿಯಲ್ಲಿ) ರೆಫರೆನ್ಸ್ ಇಟ್ಟುಕೊಂಡರೆ ಸಾಕು, ಆದರೆ ಸ್ಕ್ರಿಪ್ಟ್ ಮರುಲೋಡ್ ಮಾಡುವಾಗ ಹಳೇ ರೆಫರೆನ್ಸ್ ಬಿಡಿಸದಿದ್ದರೆ ಆ ಫಂಕ್ಷನ್ ಎಂದಿಗೂ ಮೆಮೊರಿಯಿಂದ ಹೋಗದು. ಸ್ಟ್ಯಾಕ್‌ನಿಂದ ಕೆಲಸ ಮುಗಿದ ಮೌಲ್ಯಗಳನ್ನು ತೆಗೆಯಲು (ಪಾಪ್ ಮಾಡಲು) ಮರೆತರೆ ಇನ್ನೂ ಕೆಟ್ಟದು: ಸಿ ಫಂಕ್ಷನ್‌ಗೆ ಖಾತರಿ ಇರುವುದು 20 ಜಾಗ ಮಾತ್ರ. ಅದನ್ನು ಮೀರಿದರೆ ಕ್ರ್ಯಾಶ್ ಆಗುವುದು ಸಂಬಂಧವೇ ಇಲ್ಲದ ಎಲ್ಲೋ ಒಂದು ಕಡೆ.

ಕಲೆಕ್ಟರ್‌ನ ಪಾಜ್ (ವಿರಾಮ) ಮೌಲ್ಯ ಲುವಾ 5.4ರಲ್ಲಿ ಡಿಫಾಲ್ಟ್ ಆಗಿ 200. ಅಂದರೆ ಹಿಂದಿನ ಸುತ್ತು ಮುಗಿದ ಮೇಲೆ ಮೆಮೊರಿ ಎರಡು ಪಟ್ಟಾಗುವವರೆಗೆ ಅದು ಕಾಯುತ್ತದೆ. ಗೇಮ್‌ಗೆ ಸ್ವಯಂಚಾಲಿತ ಸುತ್ತನ್ನು ನಿಲ್ಲಿಸಿ, ಪ್ರತಿ ಫ್ರೇಮ್‌ನ ಕೊನೆಗೆ ಸ್ವಲ್ಪ ಸ್ವಲ್ಪವೇ ಗುಡಿಸುವುದು ಒಳ್ಳೆಯದು. ಹುಟ್ಟುವ ಕಸಕ್ಕಿಂತ ಗುಡಿಸುವುದು ಕಡಿಮೆಯಾದರೆ ಮೆಮೊರಿ ಏರುತ್ತಲೇ ಹೋಗುತ್ತದೆ, ಆದ್ದರಿಂದ ಕಿಲೋಬೈಟ್ ಲೆಕ್ಕವನ್ನು ಪರದೆಯ ಮೂಲೆಯಲ್ಲೇ ತೋರಿಸಿಕೊಳ್ಳಿ. 2020ರಲ್ಲಿ ಬಂದ 5.4ರ ಜನರೇಷನಲ್ ಮೋಡ್ (ಹೊಸ ವಸ್ತುಗಳನ್ನೇ ಹೆಚ್ಚು ಸಲ ಜಾಲಾಡುವ ಬಗೆ) ಅಲ್ಪಾಯುಷಿ ವಸ್ತುಗಳು ಹೆಚ್ಚಿರುವ ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ.

ಲೂಪ್‌ನಲ್ಲಿ ಸ್ಟ್ರಿಂಗ್‌ಗೆ ಸ್ಟ್ರಿಂಗ್ ಅಂಟಿಸುವ ಚಟ ಎಲ್ಲರಿಗೂ ಇದೆ. 10 ಬೈಟ್‌ನ 10,000 ತುಣುಕುಗಳನ್ನು ಒಂದೊಂದಾಗಿ ಸೇರಿಸಿದರೆ ಸಿಗುವ ಫಲಿತಾಂಶ 1 ಲಕ್ಷ ಬೈಟ್. ಪ್ರತಿ ಸಲವೂ ಇಡೀ ಸ್ಟ್ರಿಂಗ್ ಹೊಸದಾಗಿ ತಯಾರಾಗುವುದರಿಂದ ಅದಕ್ಕಾಗಿ ನಕಲಾಗುವುದು ಸುಮಾರು 50 ಕೋಟಿ ಬೈಟ್! ತುಣುಕುಗಳನ್ನು ಟೇಬಲ್‌ಗೆ ತುಂಬಿ ಕೊನೆಗೆ ಟೇಬಲ್ ಕಾನ್‌ಕ್ಯಾಟ್ ಕರೆಯಿರಿ. ಖಾಲಿ ಟೇಬಲ್‌ಗೆ 1,000 ಅಂಶ ಒಂದೊಂದಾಗಿ ತುಂಬಿದರೂ ಅದು 1, 2, 4 ಎನ್ನುತ್ತ 1,024ರವರೆಗೆ 11 ಸಲ ಹಿಗ್ಗುತ್ತದೆ. ಸಿ ಕಡೆಯಿಂದ ಟೇಬಲ್ ಕಟ್ಟುವಾಗ ಅಳತೆ ಮೊದಲೇ ಹೇಳಿದರೆ ಈ ತಾಪತ್ರಯವಿಲ್ಲ.

ಗ್ಲೋಬಲ್ ಫಂಕ್ಷನ್ನುಗಳನ್ನು ಲೋಕಲ್ ಮಾಡಿಕೊಳ್ಳುವ ಸಲಹೆ ಎಲ್ಲೆಡೆ ಸಿಗುತ್ತದೆ. ಪದೇ ಪದೇ ಓಡುವ ಬಿಸಿ ಲೂಪ್‌ನಲ್ಲಿ ಪ್ರಯೋಜನ ಉಂಟು, ಉಳಿದೆಡೆ ಕೋಡ್ ಅಂದಗೆಡುವುದಷ್ಟೇ ಲಾಭ. ಸ್ಕ್ರಿಪ್ಟನ್ನು ಮುಂಚೆಯೇ ಬೈಟ್‌ಕೋಡ್ (ವರ್ಚುವಲ್ ಮಷೀನ್ ನೇರವಾಗಿ ಓಡಿಸುವ ರೂಪ) ಮಾಡಿಟ್ಟರೆ ಲೋಡ್ ಬೇಗ ಆಗುತ್ತದೆ, ಓಟದ ವೇಗ ಕಿಂಚಿತ್ತೂ ಬದಲಾಗದು.

ಇಷ್ಟಾದ ಮೇಲೂ ಸಾಲದಿದ್ದರೆ ಲುವಾಜಿಟ್. ಅದರ ಭಾಷೆ ಲುವಾ 5.1ರದ್ದು. ಹಳೇ ಸಿ ಎಪಿಐ (ಸಿ ಕೋಡ್ ಲುವಾ ಜೊತೆ ವ್ಯವಹರಿಸುವ ಫಂಕ್ಷನ್ನುಗಳ ಗುಂಪು) ಮೂಲಕ ಕರೆದ ಫಂಕ್ಷನ್ನಿನೊಳಗೆ ಅದರ ಕಂಪೈಲರ್ ಹೊಕ್ಕಲಾರದು, ಹಾಗಾಗಿ ಬೈಂಡಿಂಗ್‌ಗಳನ್ನು, ಅಂದರೆ ಸಿ–ಲುವಾ ಜೋಡಿಸುವ ಕೋಡನ್ನು, ಎಫ್‌ಎಫ್‌ಐಗೆ (ಲುವಾದಿಂದ ಸಿ ಫಂಕ್ಷನ್ನನ್ನು ನೇರ ಕರೆಯುವ ಲುವಾಜಿಟ್‌ನ ಸೌಲಭ್ಯಕ್ಕೆ) ಬದಲಿಸಿ ಬರೆಯಬೇಕು. ಐಫೋನ್‌ನ ಸಾಮಾನ್ಯ ಆ್ಯಪ್‌ಗಳಲ್ಲಿ ಜಿಟ್‌ಗೆ ಅನುಮತಿ ಇಲ್ಲದ್ದರಿಂದ ಅಲ್ಲಿ ಓಡುವುದು ಅದರ ಇಂಟರ್‌ಪ್ರಿಟರ್ ಮಾತ್ರ.