ನಿದ್ದೆಯಿಂದೆದ್ದ ಕಂಪ್ಯೂಟರಿನ ಸಂಶಯ

ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿನ ಬಗ್ಗೆ ಶಿರಸಿಯಲ್ಲಿ ನನ್ನ ಕಿವಿಗೆ ಬೀಳುವ ದೂರು ಯಾವಾಗಲೂ ಒಂದೇ. ಮದುವೆಯ ಆಲ್ಬಮ್ ಮಾಡುವ ಸ್ಟುಡಿಯೋದವರು, ಇಡೀ ರಾತ್ರಿಯ ಯಕ್ಷಗಾನವನ್ನು ರೆಕಾರ್ಡ್ ಮಾಡಿ ಕೂಡಿಟ್ಟವರು, ಸಂಘ ಸಂಸ್ಥೆಗಳ ಲೆಕ್ಕ ಬರೆಯುವವರು, ಎಲ್ಲರದೂ ಅದೇ ಮಾತು. ಊಟಕ್ಕೆ ಎದ್ದುಹೋಗಿದ್ದೆ, ಅಷ್ಟರಲ್ಲಿ ಕಂಪ್ಯೂಟರ್ ನಿದ್ದೆಗೆ ಹೋಗಿತ್ತು, ಎಬ್ಬಿಸಿದರೆ ಡಿಸ್ಕ್ ನಾಪತ್ತೆ. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದರೆ ಏನೂ ಆಗದ ಹಾಗೆ ಬಂದು ಕೂರುತ್ತದೆ.

ಮದ್ದು ಹೇಳುವವರಿಗೂ ಬರವಿಲ್ಲ. ಒಬ್ಬರು ವೈರಸ್ ಎನ್ನುತ್ತಾರೆ, ಇನ್ನೊಬ್ಬರು ಫಾರ್ಮ್ಯಾಟ್ ಮಾಡಿಬಿಡಿ ಎನ್ನುತ್ತಾರೆ. ಕಾರವಾರ, ಅಂಕೋಲಾ ಕಡೆಯವರಾದರೆ ಉಪ್ಪುಗಾಳಿಯ ಮೇಲೆ ಹೊರಿಸುತ್ತಾರೆ. ಉಪ್ಪುಗಾಳಿ ಲೋಹವನ್ನು ತಿನ್ನುವುದು ನಿಜ. ಆದರೆ ತುಕ್ಕು ಹಿಡಿದ ಕನೆಕ್ಟರಿಗೆ ಹೊತ್ತುಗೊತ್ತು ಇರುವುದಿಲ್ಲ, ಕೆಲಸದ ನಡುವೆಯೂ ಅದು ಕೈಕೊಡುತ್ತದೆ. ಕಂಪ್ಯೂಟರ್ ಮಲಗುವುದನ್ನೇ ಕಾದು ಕೂರುವ ತುಕ್ಕು ಯಾವುದೂ ಇಲ್ಲ. ಇನ್ನು ಮಾನಿಟರಿಗೆ ನಿಂಬೆಹಣ್ಣು ಕಟ್ಟಿ ದೃಷ್ಟಿ ತೆಗೆದವರೂ ಇದ್ದಾರೆ. ಕಟ್ಟಿಕೊಳ್ಳಲಿ. ನನ್ನ ತಕರಾರು ನಿಂಬೆಹಣ್ಣಿನ ಮೇಲಲ್ಲ, ಫಾರ್ಮ್ಯಾಟ್ ಮಾಡಿಸುವವರ ಮೇಲೆ. ನಿಂಬೆಹಣ್ಣಿನಿಂದ ಯಾರ ಮದುವೆಯ ಫೋಟೋವೂ ಅಳಿಸಿಹೋದದ್ದಿಲ್ಲ.

ಇಂಥ ಹೆಚ್ಚಿನ ಪ್ರಸಂಗಗಳಲ್ಲಿ ಡಿಸ್ಕ್ ಕೆಟ್ಟಿರುವುದಿಲ್ಲ. ಅದು ನಿಯಮ ಪಾಲಿಸಿ ಮಲಗಿದೆ. ಏಳುವ ಹೊತ್ತಿಗೆ ಕಂಪ್ಯೂಟರ್ ಅದನ್ನು ನಂಬಲು ಸಿದ್ಧವಿಲ್ಲ, ಅಷ್ಟೇ.

ಯುಎಸ್‌ಬಿ ಕೇಬಲಿನಲ್ಲಿ 5 ವೋಲ್ಟ್ ವಿದ್ಯುತ್ತೂ ಹರಿಯುತ್ತದೆ, ಮಾತುಕತೆಯೂ ನಡೆಯುತ್ತದೆ. ಯುಎಸ್‌ಬಿ 2.0ರ ಲೆಕ್ಕದಲ್ಲಿ ಹೇಳುತ್ತೇನೆ, 3.0ರಲ್ಲಿ ಸಂಕೇತಗಳ ರೀತಿ ಬೇರೆ, ತಾತ್ಪರ್ಯ ಅದೇ. ಎಚ್ಚರವಾಗಿರುವಷ್ಟು ಹೊತ್ತೂ ಕಂಪ್ಯೂಟರ್ ಕೇಬಲಿನ ಮೇಲೆ ಪುಟ್ಟ ಸಂಕೇತವೊಂದನ್ನು ಮಿಲಿಸೆಕೆಂಡಿಗೆ ಎಂಟು ಬಾರಿ ಕಳಿಸುತ್ತಲೇ ಇರುತ್ತದೆ. ಹೇಳುವುದಕ್ಕೆ ವಿಷಯ ಇರಲಿ, ಇಲ್ಲದಿರಲಿ, ಆ ಸಂಕೇತ ತಪ್ಪುವುದಿಲ್ಲ. ಅದು 3 ಮಿಲಿಸೆಕೆಂಡು ನಿಂತುಹೋದರೆ ಸಾಧನಕ್ಕೆ ಅದೇ ಅಪ್ಪಣೆ: ಮಲಗು. ಅಲ್ಲಿಯವರೆಗೆ 500 ಮಿಲಿಆಂಪಿಯರ್ ತನಕ ಎಳೆದುಕೊಳ್ಳಬಹುದಾಗಿದ್ದ ಸಾಧನ ಈಗ 2.5 ಮಿಲಿಆಂಪಿಯರಿಗೆ ಇಳಿಯಬೇಕು. ಇನ್ನೂರರಲ್ಲಿ ಒಂದು ಪಾಲು! ನಿಮಿಷಕ್ಕೆ 5400 ಸುತ್ತು ಹೊಡೆಯುವ ತಟ್ಟೆಯನ್ನು ಅಷ್ಟರಲ್ಲಿ ತಿರುಗಿಸುವುದು ಆಗದ ಮಾತು. ಆಗ ಡಿಸ್ಕಿನ ಮೇಲೆ ಅಂಗೈ ಇಟ್ಟು ನೋಡಿ. ಒಳಗೆ ‘ಟಿಕ್’ ಎಂದು ಒಂದು ಸದ್ದಾಗುತ್ತದೆ, ಓದುವ ಹೆಡ್ ತಟ್ಟೆಯಿಂದಾಚೆಗೆ ಸರಿದು ಕೂತಿತು ಎಂದರ್ಥ. ಅದರ ಹಿಂದೆಯೇ ಕೈಗೆ ತಾಗುತ್ತಿದ್ದ ಸಣ್ಣ ನಡುಕ ಇಳಿಯುತ್ತಾ ಇಳಿಯುತ್ತಾ ನಿಲ್ಲುತ್ತದೆ.

ಮಲಗುವುದು ಇಷ್ಟು ಸುಲಭ, ಏಳುವುದು ರಗಳೆ. ಕಂಪ್ಯೂಟರ್ ಎದ್ದೊಡನೆ ಕನಿಷ್ಠ 20 ಮಿಲಿಸೆಕೆಂಡಿನ ಸಂಕೇತ ಕೊಟ್ಟು ಡಿಸ್ಕನ್ನೂ ಎಬ್ಬಿಸುತ್ತದೆ. ತಟ್ಟೆ ಪೂರ್ತಿ ವೇಗಕ್ಕೆ ಬರಲು ಕೆಲವು ಸೆಕೆಂಡುಗಳೇ ಬೇಕು. ಈ ನಡುವೆ ‘ಇದ್ದೇನೆ, ತಯಾರಾಗುತ್ತಿದ್ದೇನೆ’ ಎಂದು ಓಗೊಡಬೇಕಾದದ್ದು ಡಿಸ್ಕಿನ ಪೆಟ್ಟಿಗೆಯೊಳಗಿನ ಬ್ರಿಡ್ಜ್ ಚಿಪ್, ಕೇಬಲಿಗೂ ಡಿಸ್ಕಿಗೂ ನಡುವಿನ ದುಭಾಷಿ. ಅಗ್ಗದ ಪೆಟ್ಟಿಗೆಗಳಲ್ಲಿ ಈ ಚಿಪ್ಪಿನ ಫರ್ಮ್‌ವೇರ್, ಅಂದರೆ ಅದರೊಳಗೇ ಬರೆದಿಟ್ಟ ತಂತ್ರಾಂಶ, ತುಟಿ ಬಿಚ್ಚದೆ ಕೂತುಬಿಡುವುದುಂಟು. ಕೆಲವು ಕಂಪ್ಯೂಟರುಗಳಂತೂ ಮಲಗುವಾಗ ಪೋರ್ಟಿನ ವಿದ್ಯುತ್ತನ್ನೇ ಕತ್ತರಿಸುತ್ತವೆ. ಆಗ ಡಿಸ್ಕಿಗೆ ತನ್ನ ವಿಳಾಸವೂ ಮರೆಯುತ್ತದೆ. ಯುಎಸ್‌ಬಿಯಲ್ಲಿ ಪ್ರತಿಯೊಂದು ಸಾಧನಕ್ಕೂ 1ರಿಂದ 127ರೊಳಗಿನ ಒಂದು ಸಂಖ್ಯೆ ಸಿಕ್ಕಿರುತ್ತದೆ. ವಿದ್ಯುತ್ ಹೋಗಿ ಬಂದ ಸಾಧನ ಸೊನ್ನೆಯಾಗಿ ಎದ್ದು, ಹೊಸದಾಗಿ ಪರಿಚಯ ಹೇಳಿಕೊಳ್ಳಬೇಕು.

ಪರಿಚಯ ಹೇಳಿಕೊಂಡಾಗ ಸೀರಿಯಲ್ ನಂಬರ್ ಹಳೆಯದೇ ಇರುತ್ತದಲ್ಲ, ‘ಓ ನೀನೇನಾ’ ಎಂದು ಒಳಗೆ ಬಿಟ್ಟುಕೊಳ್ಳಬಾರದೇ? ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಗಂಟು ಇದು. ಅಡಿಕೆ ವ್ಯಾಪಾರ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ರಾತ್ರಿಯಿಡೀ ಕಾವಲಿಲ್ಲದೆ ಬಿದ್ದಿದ್ದ ಚೀಲದ ಮೇಲೆ ನಿನ್ನೆಯ ಚೀಟಿಯೇ ಇರಬಹುದು. ಒಳಗಿರುವುದು ನಿನ್ನೆಯ ರಾಶಿ ಅಡಿಕೆಯೋ, ಯಾರೋ ಬದಲಿಸಿಟ್ಟ ಕೀಳು ದರ್ಜೆಯ ಕೋಕಾ ಅಡಿಕೆಯೋ ಎಂಬುದನ್ನು ಚೀಟಿ ಹೇಳುವುದಿಲ್ಲ. ಡಿಸ್ಕಿನ ಯಾವ ಜಾಗ ಖಾಲಿ, ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯ ಒಂದು ಪ್ರತಿಯನ್ನು ಕಂಪ್ಯೂಟರ್ ತನ್ನ ಸ್ಮರಣೆಯಲ್ಲಿ ಇಟ್ಟುಕೊಂಡೇ ಮಲಗಿರುತ್ತದೆ. ನೀವು ಅಷ್ಟರಲ್ಲಿ ಅದೇ ಡಿಸ್ಕನ್ನು ಪಕ್ಕದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ನಾಲ್ಕು ಹೊಸ ವಿಡಿಯೋ ಹಾಕಿ, ತಂದು ಮತ್ತೆ ಇಲ್ಲೇ ಸಿಕ್ಕಿಸಿದ್ದೀರಿ ಎನ್ನಿ. ಕಂಪ್ಯೂಟರ್ ತನ್ನ ಹಳೆಯ ಪಟ್ಟಿಯನ್ನೇ ನಂಬಿ ‘ಖಾಲಿ’ ಜಾಗಕ್ಕೆ ಬರೆಯತೊಡಗಿದರೆ ಆ ನಾಲ್ಕೂ ವಿಡಿಯೋಗಳ ಕಥೆ ಮುಗಿಯಿತು. ಆದ್ದರಿಂದಲೇ ಅದು ಹಳೆಯ ನಂಟನ್ನು ಹರಿದು, ಡಿಸ್ಕ್ ಹೊಸದಾಗಿ ಬಂದಿದೆ ಎಂದೇ ನಡೆದುಕೊಳ್ಳುತ್ತದೆ. ತೆರೆದಿದ್ದ ಫೈಲುಗಳು ಅನಾಥವಾಗುತ್ತವೆ, ಮ್ಯಾಕ್ ಆದರೆ ‘ಡಿಸ್ಕನ್ನು ಸರಿಯಾಗಿ ಎಜೆಕ್ಟ್ ಮಾಡಿಲ್ಲ’ ಎಂದು ನಿಮ್ಮನ್ನೇ ಗದರುತ್ತದೆ.

ಲಿನಕ್ಸಿನವರು ಇದಕ್ಕೆ ‘ಪರ್ಸಿಸ್ಟ್’ ಎಂಬ ಏರ್ಪಾಡು ಮಾಡಿದ್ದಾರೆ. ಎದ್ದ ಮೇಲೆ ತಯಾರಕರ ಸಂಖ್ಯೆ, ಸೀರಿಯಲ್ ನಂಬರ್ ಮುಂತಾದುವನ್ನು ತಾಳೆ ನೋಡಿ, ಸರಿಹೊಂದಿದರೆ ಹಳೆಯ ಡಿಸ್ಕೇ ಎಂದು ಮುಂದುವರಿಯುತ್ತದೆ. ಆದರೆ ಕಾರ್ಡ್ ರೀಡರಿನೊಳಗಿನ ಮೆಮೊರಿ ಕಾರ್ಡನ್ನು ನಡುವೆ ಬದಲಿಸಿದ್ದರೆ ಅದಕ್ಕೂ ತಿಳಿಯದಿರಬಹುದು. ಲಿನಕ್ಸಿನ ತಿರುಳಾದ ಕರ್ನಲ್ ಬರೆದವರೇ ಆ ಎಚ್ಚರಿಕೆಯನ್ನು ಬರೆದಿಟ್ಟಿದ್ದಾರೆ.

ಮೊದಲು ಈ ತಾಪತ್ರಯ ಇರಲಿಲ್ಲ. ನಮ್ಮ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ 1956ನೇ ಇಸವಿಯಲ್ಲೇ ಐಬಿಎಂ ಕಂಪನಿ ರಾಮ್ಯಾಕ್ ಎಂಬ ಯಂತ್ರದೊಂದಿಗೆ ಮೊದಲ ಹಾರ್ಡ್ ಡಿಸ್ಕನ್ನು ಮಾರುಕಟ್ಟೆಗೆ ತಂದಿತು. ಎರಡಡಿ ಅಗಲದ 50 ತಟ್ಟೆಗಳು, ಎಲ್ಲ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಕಂಪ್ಯೂಟರ್ ತೂಕಡಿಸಿದ ಹೊತ್ತು ನೋಡಿ ಅದನ್ನು ಯಾರೂ ಕಿಸೆಗೆ ಹಾಕಿಕೊಂಡು ಹೋಗುವಂತಿರಲಿಲ್ಲ. ಯುಎಸ್‌ಬಿಯ ಮೊದಲ ಆವೃತ್ತಿ ಬಂದದ್ದು 1996ರಲ್ಲಿ. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಕಂಪ್ಯೂಟರಿನ ನಿದ್ದೆಯ ನಿಯಮಾವಳಿ ಎಸಿಪಿಐಯನ್ನು ಹೊರಡಿಸಿದ್ದೂ ಅದೇ ವರ್ಷ. ಆಗಿನ ಯುಎಸ್‌ಬಿಯ ವೇಗ ಹೆಚ್ಚೆಂದರೆ ಸೆಕೆಂಡಿಗೆ 12 ಮೆಗಾಬಿಟ್. ಕೀಲಿಮಣೆ, ಮೌಸ್, ಪ್ರಿಂಟರ್‌ಗಳಿಗೆ ಸಾಕು. ಮೌಸ್ ಮಲಗಿ ಎದ್ದು ಹೊಸ ವಿಳಾಸ ಪಡೆದರೆ ಯಾರ ಗಂಟೂ ಹೋಗುವುದಿಲ್ಲ. ಅದೇ ಕೇಬಲಿಗೆ ಟೆರಾಬೈಟ್ ಗಟ್ಟಲೆ ಕಡತ ನೇತುಹಾಕಿದವರು ನಾವು.

ಈಗ ರಿಪೇರಿ. ಮೊದಲು ಕಂಪ್ಯೂಟರನ್ನು ಮಲಗಲು ಬಿಡದೆ, ಡಿಸ್ಕನ್ನು ಮುಟ್ಟದೆ ಅರ್ಧ ಗಂಟೆ ಬಿಡಿ. ಆಗಲೂ ಮಾಯವಾದರೆ ಕಂಪ್ಯೂಟರಿನ ನಿದ್ದೆಯನ್ನು ಬೈದು ಫಲವಿಲ್ಲ. ಅದು ಪೆಟ್ಟಿಗೆಯ ಸ್ವಂತ ಟೈಮರ್ ಇರಬೇಕು, ಇಲ್ಲವೇ ಪವರ್ ಆಯ್ಕೆಗಳಲ್ಲಿ ಡಿಸ್ಕ್ ನಿಲ್ಲಿಸಲು ಕೊಟ್ಟ ಅವಧಿ. ಮಲಗಿದಾಗಲೇ ತೊಂದರೆಯೆಂದಾದರೆ ಡಿಸ್ಕಿನ ದೀಪ ನೋಡಿ. ಪೂರ್ತಿ ಆರಿದ್ದರೆ ಪೋರ್ಟಿಗೆ ವಿದ್ಯುತ್ ಇಲ್ಲದಿರಬಹುದು. ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪುಟ) ನಿದ್ದೆಯಲ್ಲೂ ಯುಎಸ್‌ಬಿಗೆ ವಿದ್ಯುತ್ ಉಳಿಸುವ ಆಯ್ಕೆ ಇದೆಯೇ ಹುಡುಕಿ, ಇಲ್ಲದಿದ್ದರೆ ಸ್ವಂತ ಅಡಾಪ್ಟರ್ ಇರುವ ಹಬ್ ತನ್ನಿ. ದೀಪ ಉರಿಯುತ್ತಿದ್ದೂ ಡಿಸ್ಕ್ ಬಾರದಿದ್ದರೆ ವಿಂಡೋಸಿನ ಪವರ್ ಆಯ್ಕೆಗಳಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ನಿಲ್ಲಿಸಿ, ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ ಅಲ್ಲಿನ ಟಿಕ್ ಗುರುತು ತೆಗೆಯಿರಿ. ಮ್ಯಾಕ್‌ನಲ್ಲಿ ‘ಸಾಧ್ಯವಾದಾಗ ಹಾರ್ಡ್ ಡಿಸ್ಕುಗಳನ್ನು ಮಲಗಿಸು’ ಎಂಬುದನ್ನು ಬಿಡಿಸಬೇಕು.

ಕೇಬಲನ್ನು ಯಾರೂ ಸಂಶಯಿಸುವುದಿಲ್ಲ, ಸಂಶಯಿಸಬೇಕು. ನಿಂತ ತಟ್ಟೆ ತಿರುಗಲು ಶುರುವಾಗುವ ಆ ಗಳಿಗೆಯಲ್ಲಿ ಡಿಸ್ಕ್ ಒಂದು ಆಂಪಿಯರಿನ ಹತ್ತಿರ ಕೇಳಬಹುದು. ನಿಯಮದ ಪ್ರಕಾರ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, 3.0 ಕೊಡುವುದು 900. ಉದ್ದನೆಯ ತೆಳು ಕೇಬಲಿನಲ್ಲಿ ವೋಲ್ಟೇಜ್ ಕುಸಿದು, ಚಿಪ್ ರೀಸೆಟ್ ಆಗಿ, ಮೋಟಾರು ಮತ್ತೆ ಮೊದಲಿಂದ ತಿಣುಕುತ್ತದೆ. ಗಿಡ್ಡ ಕೇಬಲ್ ಹಾಕಿದ್ದರಿಂದಲೇ ಗುಣವಾದ ಡಿಸ್ಕುಗಳು ಬೇಕಾದಷ್ಟಿವೆ.

ನಮ್ಮ ಕಡೆ ಇನ್ನೊಂದಿದೆ. ಆಷಾಢದ ಮಳೆಯಲ್ಲಿ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಿಶ್ಚಿಂತೆಯಿಂದ ಇರುತ್ತದೆ, ಅಡಾಪ್ಟರ್ ನಂಬಿದ ದೊಡ್ಡ ಡಿಸ್ಕ್ ಬೀಳುತ್ತದೆ. ಇನ್ವರ್ಟರ್ ಕೈ ಬದಲಿಸುವ ಕ್ಷಣಮಾತ್ರದ ಬಿಡುವೂ ಅದಕ್ಕೆ ಸಾಕಾಗಬಹುದು. ಯಾವ ಸೆಟ್ಟಿಂಗ್ ತಿದ್ದಿದರೂ ಇದು ಸರಿಹೋಗದು, ಡಿಸ್ಕಿನ ಅಡಾಪ್ಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಕು.

2018ರ ವಿಂಡೋಸ್ 10ರ 1809ನೇ ಆವೃತ್ತಿಯಿಂದ ಹೊರ ಡಿಸ್ಕುಗಳಿಗೆ ‘ಕ್ವಿಕ್ ರಿಮೂವಲ್’ (ಬರೆಯಬೇಕಾದ್ದನ್ನು ಸ್ಮರಣೆಯಲ್ಲಿ ಕೂಡಿಡದೆ ಕೂಡಲೇ ಡಿಸ್ಕಿಗೆ ಬರೆಯುವ ಏರ್ಪಾಡು) ತಾನಾಗಿಯೇ ಅನ್ವಯವಾಗುವುದರಿಂದ ಹಾನಿ ಮೊದಲಿಗಿಂತ ಕಡಿಮೆ. ಆದರೂ ಡಿಸ್ಕ್ ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯಲ್ಲಿದ್ದರೆ ಅದಕ್ಕೆ ಜರ್ನಲ್, ಅಂದರೆ ಮಾಡಹೊರಟ ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಡುವ ದಿನಚರಿ, ಇಲ್ಲ, ಅರ್ಧ ಬರೆದದ್ದು ಅರ್ಧಕ್ಕೇ ನಿಲ್ಲುತ್ತದೆ. ದೊಡ್ಡ ಕೆಲಸ ನಡೆದಿರುವಾಗ ಕಂಪ್ಯೂಟರ್ ಮಲಗದಂತೆ ಮಾಡಿಯೇ ಊಟಕ್ಕೆ ಏಳಿ.

ಇಷ್ಟೆಲ್ಲ ಮಾಡಿ, ಬೇರೆ ಕಂಪ್ಯೂಟರಿಗೆ ಗಿಡ್ಡ ಕೇಬಲಿನಲ್ಲಿ ಜೋಡಿಸಿದರೂ ಡಿಸ್ಕ್ ಬಾರದೆ ಒಳಗಿನಿಂದ ‘ಟಕ್, ಟಕ್’ ಎಂದು ಬಿಡದೆ ಬಡಿದುಕೊಳ್ಳುತ್ತಿದೆಯೆಂದರೆ ಅದು ನಿದ್ದೆಯ ಸಮಸ್ಯೆಯಲ್ಲ, ಹೆಡ್ಡಿನದು. ಆಗ ಮತ್ತೆ ಮತ್ತೆ ಸಿಕ್ಕಿಸಿ ನೋಡಬೇಡಿ. ಕೇಬಲ್ ತೆಗೆದಿಟ್ಟು, ದತ್ತಾಂಶ ಹೊರತೆಗೆಯುವ ಕೆಲಸ ಬಲ್ಲವರ ಕೈಗೆ ಕೊಡಿ. ಅವರೂ ‘ಮೊದಲು ಫಾರ್ಮ್ಯಾಟ್ ಮಾಡೋಣ’ ಎಂದರೆ ಡಿಸ್ಕ್ ವಾಪಸು ಇಸಿದುಕೊಂಡು ಬನ್ನಿ.