ಹಿತ್ತಲಿನ ತರಕಾರಿ ಮಳೆಗಾಲದವರೆಗೆ

ಕರಾವಳಿಯ ಮನೆಗಳಿಗೆ ತೋಟಗಾರಿಕೆಯ ಸಲಹೆಗೆಂದು ಹೋಗುವ ನನ್ನನ್ನು ಮೇ ತಿಂಗಳಲ್ಲಿ ಹೆಚ್ಚು ಮಂದಿ ಕೇಳುವುದು ಒಂದೇ ಪ್ರಶ್ನೆ: ಬೇಸಿಗೆಯಲ್ಲಿ ಇಷ್ಟೊಂದು ಬೆಳೆದದ್ದು ಆಷಾಢದ ಅಡುಗೆಗೆ ಏಕೆ ಉಳಿಯುವುದಿಲ್ಲ? ಒಂದು ಮನೆಯಲ್ಲಿ ಜಂತಿಗೆ ಬಾಳೆನಾರಿನಿಂದ ಕಟ್ಟಿ ತೂಗುಹಾಕಿದ್ದ ಮಂಗಳೂರು ಸೌತೆಗಳಲ್ಲಿ ಅರ್ಧದಷ್ಟು, ಮಳೆ ಹಿಡಿಯುವ ಮೊದಲೇ ಕೊಳೆತಿದ್ದವು. ಇಳಿಸಿ ನೋಡಿದರೆ ಕೆಟ್ಟ ಕಾಯಿಗಳೆಲ್ಲವೂ ತೊಟ್ಟಿನ ಬುಡದಿಂದಲೇ ಮೆತ್ತಗಾಗಿದ್ದವು. ಬಳ್ಳಿಯಿಂದ ತಿರುಚಿ ಕಿತ್ತಿದ್ದರಿಂದ ಅಲ್ಲಿ ಉಗುರಿನಷ್ಟಗಲದ ಗಾಯವಾಗಿ, ಅದರ ಸುತ್ತ ಬೂಷ್ಟು ಹಿಡಿದಿತ್ತು. "ತೊಟ್ಟು ಇಟ್ಟು ಕೊಯ್ಯಿ ಅಂತ ಮಕ್ಕಳಿಗೆ ಹೇಳಿದ್ದೆ ಮಾರಾಯ್ರೆ" ಎಂದರು ಆ ಮನೆಯ ಅಜ್ಜಿ. ಅವರು ಹೇಳಿದ್ದು ಪೂರ್ತಿ ಸರಿ. ತರಕಾರಿಯ ಬಾಳಿಕೆ ಬಹುಪಾಲು ಕೊಯ್ಯುವ ಹೊತ್ತಿಗೇ ತೀರ್ಮಾನವಾಗಿರುತ್ತದೆ.

ಕೂಡಿಡುವ ಸೌತೆಯನ್ನು ಬಣ್ಣ ಪೂರ್ಣವಾಗಿ ತಿರುಗಿದ ಮೇಲೆ, ಇಬ್ಬನಿ ಆರಿದ ನಂತರ, ಎರಡು ಬೆರಳಗಲ ತೊಟ್ಟು ಉಳಿಯುವಂತೆ ಕತ್ತಿಯಿಂದ ಕೊಯ್ಯಬೇಕು. ತೊಳೆಯಬಾರದು, ಮಣ್ಣು ಅಂಟಿದ್ದರೆ ಒಣಬಟ್ಟೆಯಿಂದ ಮೃದುವಾಗಿ ಒರೆಸಿದರೆ ಸಾಕು. ಬೂದುಗುಂಬಳವನ್ನಾದರೆ ಒರೆಸಲೂ ಬಾರದು, ಏಕೆಂದರೆ ಅದರ ಮೈಮೇಲಿನ ಬೂದಿ ವಾಸ್ತವವಾಗಿ ಮೇಣದ ಪದರ; ಒಳಗಿನ ತೇವ ಆರಿಹೋಗದಂತೆ ತಡೆಯುವುದು ಅದೇ. ಸಿಹಿಗುಂಬಳವು ಸಿಪ್ಪೆಗೆ ಉಗುರು ಇಳಿಯದಷ್ಟು ಗಟ್ಟಿಯಾಗಿ, ತೊಟ್ಟು ಒಣಗಿ ಬೆಂಡಾದಾಗ ಕೂಡಿಡಲು ಸಿದ್ಧ. ತೂಗುಹಾಕುವ ಪದ್ಧತಿಯ ಹಿಂದೆಯೂ ಕಾರಣವಿದೆ: ಕಾಯಿಗಳು ಒಂದಕ್ಕೊಂದು ತಾಗುವುದಿಲ್ಲ, ನೆಲದ ತೇವ ಹತ್ತುವುದಿಲ್ಲ, ಗಾಳಿ ಸುತ್ತಲೂ ಆಡುತ್ತದೆ.

ಬೆಂಡೆ, ಅಲಸಂದೆ, ಹೀರೆಗಳ ಲೆಕ್ಕ ಇದಕ್ಕೆ ತದ್ವಿರುದ್ಧ. ಇವನ್ನು ಎಳೆಯದರಲ್ಲೇ, ತಂಪು ಹೊತ್ತಿನಲ್ಲಿ ಕೊಯ್ಯಬೇಕು. ಬೆಂಡೆ ಹೂ ಅರಳಿದ ಐದಾರು ದಿನಗಳಲ್ಲಿ ಅಡುಗೆಗೆ ಬರುತ್ತದೆ; ತುದಿ ಚಟಕ್ಕನೆ ಮುರಿದರೆ ಎಳೆಯದು, ಬಾಗಿ ನಾರೆಳೆದರೆ ಬಲಿತದ್ದು. ಗಿಡದಲ್ಲಿ ಬಲಿತ ಕಾಯಿ ಉಳಿದರೆ ಗಿಡದ ಶಕ್ತಿ ಬೀಜಕ್ಕೆ ಹರಿದು ಹೊಸ ಹೂ ಕಡಿಮೆಯಾಗುವುದರಿಂದ, ದಿನ ಬಿಟ್ಟು ದಿನ ಕೊಯ್ಯುವುದೇ ಸರಿ. ಬೆಂಡೆ ಮತ್ತು ಬದನೆ ಫ್ರಿಜ್ಜಿನ 4 ಡಿಗ್ರಿ ಸೆಲ್ಸಿಯಸ್ ಚಳಿಯನ್ನು ಬಹಳ ದಿನ ತಡೆಯುವುದಿಲ್ಲ. ಮೈಮೇಲೆ ಕಲೆ ಬಿದ್ದು ಲೋಳೆಗಟ್ಟುತ್ತವೆ. ಬೀನ್ಸನ್ನು ಕುದಿಯುವ ನೀರಿನಲ್ಲಿ 3 ನಿಮಿಷ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿ, ಬಸಿದು ಫ್ರೀಜರಿನಲ್ಲಿಡಬಹುದು. ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಊರುಗಳವರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಬೇಯಿಸಿದ ತರಕಾರಿಯನ್ನು ಬಾಟಲಿಗೆ ತುಂಬಿ, ನೀರಿನಲ್ಲಿ ಕುದಿಸಿ, ಮುಚ್ಚಳ ಬಿಗಿದು ಹೊರಗಿಡುವ ಕ್ರಮವನ್ನು ಈಚೆಗೆ ವಿಡಿಯೋ ನೋಡಿ ಕೆಲವರು ಅನುಸರಿಸುತ್ತಿರುವುದು ನನಗೆ ನಿಜವಾಗಿ ಆತಂಕ ತಂದಿದೆ. ಹುಳಿಯಿಲ್ಲದ ತರಕಾರಿಯಲ್ಲಿ, ಅಂದರೆ ಹುಳಿಯ ಅಳತೆಯಾದ ಪಿಎಚ್ (ಹುಳಿ ಕಡಿಮೆಯಾದಷ್ಟೂ ಇದು ಹೆಚ್ಚು) 4.6ಕ್ಕಿಂತ ಹೆಚ್ಚಿರುವಲ್ಲಿ, ಗಾಳಿಯಾಡದ ಬಾಟಲಿಯೊಳಗೆ ಬಾಟುಲಿಸಮ್ ಎಂಬ ಮಾರಕ ವಿಷಬಾಧೆ ತರುವ ಸೂಕ್ಷ್ಮಾಣು ಬೆಳೆದು ವಿಷ ಉಂಟುಮಾಡಬಲ್ಲದು. ಅದರ ಬೀಜಕಣಗಳು 100 ಡಿಗ್ರಿಯ ಕುದಿತಕ್ಕೆ ಸಾಯುವುದಿಲ್ಲ. ಅವುಗಳಿಗೆ ಒತ್ತಡದಲ್ಲಿ ಸಿಗುವ 121 ಡಿಗ್ರಿಯಷ್ಟು ಶಾಖ ಬೇಕು. ವಾಸನೆ, ಬಣ್ಣಗಳಿಂದ ಈ ವಿಷ ಪತ್ತೆಯಾಗದೆಯೂ ಇರಬಹುದು. ಆದ್ದರಿಂದ ಮನೆಯಲ್ಲಿ ದಯವಿಟ್ಟು ಇದನ್ನು ಮಾಡಬೇಡಿ.

ನಮ್ಮ ಹಿರಿಯರು ಉಪ್ಪು, ಹುಳಿ, ಬಿಸಿಲುಗಳನ್ನೇ ನಂಬಿದರು. ಉಪ್ಪಿನಲ್ಲಿ ಹಾಕಿಡುವುದಾದರೆ ಕಿಲೋಗೆ 200 ಗ್ರಾಂ ಕಲ್ಲುಪ್ಪನ್ನು ತೂಗಿಯೇ ಹಾಕಬೇಕು. ಆರೋಗ್ಯದ ಕಾಳಜಿಯಿಂದ ಉಪ್ಪು ಕಡಿಮೆ ಮಾಡಿದವರ ಭರಣಿಗಳು ಹಾಳಾದುದನ್ನು ಕಂಡಿದ್ದೇನೆ. ಬಳಸುವಾಗ ನೀರಿನಲ್ಲಿ ನೆನೆಸಿ ಉಪ್ಪು ಇಳಿಸಿಕೊಳ್ಳಬಹುದು.

ಮೆಣಸಿನ ಬಾಳಕದಲ್ಲಿ ಈ ಮೂರೂ ಕೂಡಿ ಕೆಲಸ ಮಾಡುತ್ತವೆ. ತೊಟ್ಟು ಸಹಿತವಾದ ಹಸಿಮೆಣಸನ್ನು ಸೀಳಿ, ಉಪ್ಪು ಬೆರೆಸಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಬಿಸಿಲಿಗೆ ಹರಡಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು. ಮಜ್ಜಿಗೆ ಪೂರ್ತಿ ಹೀರಿಕೊಂಡ ಮೇಲೆ, ಮುರಿದರೆ ಗರಿಗರಿ ಸದ್ದು ಬರುವಷ್ಟು ಒಣಗಿಸಬೇಕು. ಒಣಗಿದ್ದು ಸಾಕೇ ಎಂಬ ಅನುಮಾನವಿದ್ದರೆ ಗಾಜಿನ ಬಾಟಲಿಗೆ ತುಂಬಿ, ಮುಚ್ಚಿ, ಮರುದಿನ ಬೆಳಿಗ್ಗೆ ನೋಡಿ. ಒಳಗೋಡೆಯಲ್ಲಿ ಮಂಜಿನಂತೆ ಹನಿ ಕಂಡರೆ ಎಲ್ಲವನ್ನೂ ಹೊರಗೆ ಸುರಿದು ಮತ್ತೆರಡು ಬಿಸಿಲು ಕೊಡಿ. ಬಾಟಲಿಯನ್ನೂ ಒಣಗಿಸಿಯೇ ಮತ್ತೆ ತುಂಬಿ.